ಅಳುವುದಕ್ಕೆ ಮುಂಚೆ ಬಂದ ಸ್ಪಷ್ಟನೆ

ಅಥವಾ ಅದು ಕಾಗೆಯೇ ಆಗಿರಲಿಲ್ಲವೇನೋ. ಹದ್ದೂ ಇರಬಹುದು; ಕೆ.ಆರ್. ಪುರದ ಕೆರೆಯ ಮೇಲೆ ಹದ್ದುಗಳು ಸುತ್ತುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಆದರೆ ನೆನಪಿನಲ್ಲಿ ಕಾಗೆಯೇ ಬರುತ್ತದೆ. ಮಹಡಿಯ ಮೇಲೆ ನೀರಿನ ಕಪ್ಪು ಟ್ಯಾಂಕು, ಅದರ ಪಕ್ಕದಲ್ಲಿ ಬನಿಯನ್-ಪಂಚೆಯಲ್ಲಿ ನಿಂತ ನಮ್ಮ ಗಿರಾಕಿ ಮುನಿಯಪ್ಪನವರು, ಜಿನುಗುವ ಮಳೆ, ಹಿಂದಿನಿಂದ ಬಂದು ನೆತ್ತಿಗೆ ಬಡಿದು ಹೋದ ಕಾಗೆ. ಇಷ್ಟು ಚೆನ್ನಾಗಿ ಕಾಣುವುದೇ ಅನುಮಾನಕ್ಕೆ ಕಾರಣ, ಏಕೆಂದರೆ ಆ ಹೊತ್ತಿಗೆ ನಾನು ಆ ಮಹಡಿಯ ಮೇಲೆ ಇರಲಿಲ್ಲ. ಇಂದಿರಾನಗರದ ಆಫೀಸಿನಲ್ಲಿ ಕೂತು ಯಾವುದೋ ಪತ್ರಿಕಾ ಪ್ರಕಟಣೆ ತಿದ್ದುತ್ತಿದ್ದೆ. ಅದೂ ಖಚಿತವಿಲ್ಲ.

ಹೋದ ತಿಂಗಳು ಬೇರೊಂದು ಕೆಲಸಕ್ಕೆ ಕೆ.ಆರ್. ಪುರದಲ್ಲಿ ಮೆಟ್ರೊ ಇಳಿದು ಅವರ ಕಲ್ಯಾಣ ಮಂಟಪದ ಮುಂದೆ ನಡೆದು ಹೋಗುತ್ತಿದ್ದಾಗ, ಒಳಗಿನ ಮದುವೆ ಅಡುಗೆಯ ತುಪ್ಪದ ವಾಸನೆಯ ಜೊತೆಗೆ ಮಳೆಗೆ ನೆನೆದ ತೆಂಗಿನ ಗರಿಯ ವಾಸನೆ ಬಂತು. ಅಲ್ಲೇ ನಿಂತುಬಿಟ್ಟೆ. ಹಿಂದೆ ಆಟೋದವನು ಹಾರ್ನ್ ಒತ್ತಿ, "ಮೇಡಂ, ಮದುವೆ ಹೆಣ್ಣು ನೀವೇನಾ? ಅಲ್ಲ ಅಂದ್ರೆ ಸೈಡಿಗೆ ಬನ್ನಿ" ಎಂದ. ಸೈಡಿಗೆ ಹೋದೆ. ಕಾಗೆ ಬಡಿದ ಆ ಮಳೆಗಾಲ ಮಾತ್ರ ಸೈಡಿಗೆ ಹೋಗಲಿಲ್ಲ.

ನನ್ನದು ಪಿಆರ್ ಕೆಲಸ. ನಮ್ಮಮ್ಮ ಕಮ್ಮನಹಳ್ಳಿಯ ಅಕ್ಕಪಕ್ಕದವರಿಗೆ "ಇವಳು ಪೇಪರಿಗೆ ಸುದ್ದಿ ಕೊಡ್ತಾಳೆ" ಎನ್ನುತ್ತಾರೆ. ಅದಕ್ಕಿಂತ ಒಳ್ಳೆಯ ವಿವರಣೆ ನನಗೂ ಸಿಕ್ಕಿಲ್ಲ. ಯಾರೋ ಮಾಡಿದ್ದನ್ನು, ಮಾಡಬೇಕೆಂದಿರುವುದನ್ನು ನಾಲ್ಕು ಪ್ಯಾರಾದಲ್ಲಿ ಬರೆದು, ನಡುವೆ ಅವರು ಆಡಬಹುದಾದ ಒಂದು ಮಾತನ್ನು ನಾನೇ ಕಟ್ಟಿ ಅವರ ಹೆಸರಿನಲ್ಲಿ ಸೇರಿಸಿ, ವರದಿಗಾರರಿಗೆ ಕಳಿಸುವುದು. ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಮುನಿಯಪ್ಪನವರಿಗೆ ಮಾತ್ರ ಪ್ರತಿ ಸಲವೂ ಆಶ್ಚರ್ಯವಾಗುತ್ತಿತ್ತು. ಓದಿ ಹೇಳಿದರೆ ಕಿವಿಗೊಟ್ಟು ಕೇಳಿ, "ಇದು ನಾನಾ? ಪರವಾಗಿಲ್ವೇ, ಬುದ್ಧಿವಂತ ಕಣಮ್ಮ ನಾನು!" ಎಂದು ನಗುತ್ತಿದ್ದರು.

ಹೂಕೋಸು, ದ್ರಾಕ್ಷಿ ಬೆಳೆಯುತ್ತಿದ್ದ ಮನೆತನ ಅವರದು. ಆ ತೋಟಗಳ ಮೇಲೆಯೇ ಈಗ ಎರಡು ಶಾಲೆ, ಒಂದು ಕಲ್ಯಾಣ ಮಂಟಪ. ವ್ಯವಹಾರವೆಲ್ಲ ಮಗ ಹರೀಶನ ಕೈಯಲ್ಲಿ. ಆ ವರ್ಷ ಶಾಲೆಯ ಬೆಳ್ಳಿಹಬ್ಬ, ಹಾಗಾಗಿ ನಮ್ಮನ್ನು ಗೊತ್ತು ಮಾಡಿಕೊಂಡಿದ್ದ. ಅದೇ ಮಳೆಗಾಲದಲ್ಲಿ ನಮ್ಮ ಆಫೀಸಿಗೂ ಹೊಸ ಸಾಫ್ಟ್‌ವೇರ್ ಬಂದಿತ್ತು. ಗಿರಾಕಿಯ ಹೆಸರು ಇಂಟರ್ನೆಟ್ಟಿನಲ್ಲಿ ಎಲ್ಲಿ ಯಾರು ಎತ್ತಿದರೂ ಪರದೆಯ ಮೇಲೆ ಒಂದು ಚುಕ್ಕಿ ಮೂಡುತ್ತಿತ್ತು. ಹೊಗಳಿದರೆ ಹಸಿರು, ತೆಗಳಿದರೆ ಕೆಂಪು, ಅರ್ಥವಾಗದಿದ್ದರೆ ಬೂದು. ಅದನ್ನು ನೋಡಿಕೊಳ್ಳುತ್ತಿದ್ದವಳು ಶಬಾನಾ. ಶಿವಾಜಿನಗರದಿಂದ ಬಸ್ಸಿನಲ್ಲಿ ನೆನೆದು ಬಂದು, ದುಪಟ್ಟಾ ಹಿಂಡುತ್ತಾ, "ನೋಡೇ ಸುಮಾ, ನಮ್ಮ ಗಲ್ಲಿ ಹೆಂಗಸರ ಕೆಲಸಾನೇ ಇದಕ್ಕೆ ಕೊಟ್ಟವ್ರೆ. ಯಾರು ಯಾರ್ ಬಗ್ಗೆ ಏನಂದ್ರು ಅಂತ. ಅವ್ರಿಗೆ ಮಾತ್ರ ಸಂಬಳ ಇಲ್ಲ" ಎನ್ನುತ್ತಿದ್ದಳು.

ಆಷಾಢದ ಒಂದು ಬೆಳಿಗ್ಗೆ ಪಿಳ್ಳಮ್ಮನವರು ಫೋನ್ ಮಾಡಿದರು. ಮುನಿಯಪ್ಪನವರ ಹೆಂಡತಿ. ಎಂದೂ ಮಾಡಿದವರಲ್ಲ. "ಈಗ್ಲೇ ಮನೆಗೆ ಬಾಮ್ಮ, ಹರೀಶಂಗೆ ಹೇಳ್ಬೇಡ" ಎಂದರು. ಹೋದೆ. ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿ, ಕಾಗೆ ಬಡಿದದ್ದನ್ನು ಹೇಳಿದರು.

"ಕಾಗೆ ನೆತ್ತಿಗೆ ಬಡಿದ್ರೆ ಏನ್ಮಾಡ್ಬೇಕು, ಗೊತ್ತಲ್ಲ?"

ಗೊತ್ತಿತ್ತು. ನಮ್ಮಜ್ಜಿ ಹೇಳುತ್ತಿದ್ದರು. ಕಾಗೆ ಬಡಿದವನು ಸತ್ತನೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅಳಬೇಕು. ಅತ್ತಾದ ಮೇಲೆ ನಿಜ ಹೇಳಬೇಕು. ಬರಲಿದ್ದ ಸಾವು ಆ ಕಣ್ಣೀರಿನಲ್ಲೇ ಕಳೆದುಹೋಗುತ್ತದೆ. ಅತ್ತವರು ಆಮೇಲೆ ಬೈದು, ಊಟ ಮಾಡಿ ಹೋಗುತ್ತಾರೆ.

"ಹಲಸೂರಲ್ಲಿ ಇವರ ಅಕ್ಕ ಅವ್ರೆ. ಒಡಹುಟ್ಟಿದೋರು ಅತ್ತರೇನೇ ಕಳೆಯೋದು. ನಾವು ಹೇಳಿದ್ರೆ ಅತ್ತಿಗೆ ನಂಬಲ್ಲ, ಗಂಟಲಲ್ಲೇ ಕಂಡುಹಿಡೀತಾರೆ. ನೀನು ಹೊರಗಿನೋಳು. ಸುದ್ದಿ ಕೊಡೋದೇ ನಿನ್ನ ಕಸುಬು. ಒಂದು ಫೋನು ಹಚ್ಚಿ ಹೇಳ್ಬಿಡು."

ನಾನು ಆಗುವುದಿಲ್ಲ ಎಂದೆ. ನಾವು ಸುಳ್ಳು ಸುದ್ದಿ ಕೊಡುವುದಿಲ್ಲ ಎಂದೆ. ಪಿಳ್ಳಮ್ಮ ನನ್ನನ್ನು ನೋಡಿದ ರೀತಿ ನೆನಪಿದೆ. ಕೋಪದ ನೋಟವಲ್ಲ, ನಗು ತಡೆದುಕೊಂಡ ನೋಟ. "ಹೂಂ ಕಣಮ್ಮ, ನೀವು ಬರೇ ನಿಜಾನೇ ಕೊಡೋದು" ಎಂದು ಕಾಫಿ ಕೊಟ್ಟು ಕಳಿಸಿದರು.

ಆ ಅಕ್ಕನ ಕಥೆ ನನಗೆ ಗೊತ್ತಿದ್ದದ್ದು ಇಷ್ಟು. ಅಕ್ಕಯಮ್ಮ ಎಂದು ಹೆಸರು. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಸಾಕಿದವರು ಅವರೇ. ಹರೀಶನ ಮದುವೆಗೆ ಅಕ್ಕನ ಮನೆಗೆ ಮುನಿಯಪ್ಪನವರು ಸ್ವತಃ ಹೋಗಿ, ಅರಿಶಿನ ಕುಂಕುಮ ಇಟ್ಟು ಕರೆಯಬೇಕಾಗಿತ್ತು. ಪುರುಸೊತ್ತಿಲ್ಲವೆಂದು ಡ್ರೈವರ್ ಕೈಯಲ್ಲಿ ಕಾರ್ಡು ಕಳಿಸಿದರು. ಅಕ್ಕಯಮ್ಮ ಮದುವೆಗೆ ಬರಲಿಲ್ಲ. ಅಲ್ಲಿಂದಾಚೆ ಮಾತಿಲ್ಲ. ಹರೀಶನ ಮಗಳು ಆಗಲೇ ಶಾಲೆಗೆ ಹೋಗುತ್ತಿದ್ದಳು.

ನಾನು ಆಫೀಸು ತಲುಪುವ ಹೊತ್ತಿಗೆ ಪಿಳ್ಳಮ್ಮ ತಮ್ಮ ದಾರಿ ಕಂಡುಕೊಂಡಿದ್ದರು. ಮನೆಯವರ ವಾಟ್ಸಾಪ್ ಗುಂಪಿಗೆ ತಮ್ಮ ದನಿಯಲ್ಲೇ ಒಂದು ಸಂದೇಶ ಹಾಕಿದ್ದರು: "ಹೋಗ್ಬುಟ್ರಪ್ಪೋ, ನಮ್ಮನ್ನ ಬಿಟ್ಟು ಹೋಗ್ಬುಟ್ರು..." ಆ ಅಳುವನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ನಟನೆ ಎಂದು ಹೇಳಲಾರೆ. ಅಕ್ಕಯಮ್ಮನೂ ಆ ಗುಂಪಿನಲ್ಲಿದ್ದರು, ಎಂದೂ ಏನೂ ಬರೆಯದೆ. ಸಂಜೆಯವರೆಗೆ ಕಾದು ನಿಜ ಹೇಳುವುದು ಪಿಳ್ಳಮ್ಮನ ಲೆಕ್ಕ. ಹಿಂದಿನ ಕಾಲದಲ್ಲಿ ಆಳು ನಡೆದು ಹೋಗಿ, ನೆಂಟರು ಅತ್ತು, ಹೊರಟು ಬರುವುದರೊಳಗೆ ಸಂಜೆಯಾಗುತ್ತಿತ್ತು. ಈಗ ಯಾರೋ ಸೋದರಳಿಯ ಆ ದನಿಗೆ ಮುನಿಯಪ್ಪನವರ ಫೋಟೊ, ದೀಪ, ಹಾರ ಅಂಟಿಸಿದ. ಅದು ಶಾಲೆಯ ಪೋಷಕರ ಗುಂಪಿಗೆ ಹಾರಿತು. ಅಲ್ಲಿಂದ ಒಂದು ಯೂಟ್ಯೂಬ್ ಚಾನೆಲ್ಲಿಗೆ.

"ಸುಮಾ! ಬೇಗ ಬಾರೇ!" ಶಬಾನಾ ಕೂಗಿದಳು. ಪರದೆಯ ಮೇಲೆ ಚುಕ್ಕಿಗಳು ಅಕ್ಕಿ ಚೆಲ್ಲಿದಂತೆ ಬೀಳುತ್ತಿದ್ದವು. ವಿಚಿತ್ರವೆಂದರೆ ಎಲ್ಲವೂ ಹಸಿರು. ಸತ್ತವರ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಆಡುತ್ತಿದ್ದರು.

"ಯಾ ಅಲ್ಲಾ, ಬದುಕಿದ್ದಾಗ ಇಷ್ಟು ಹಸಿರು ಬಂದೇ ಇರ್ಲಿಲ್ಲ ಇವ್ರಿಗೆ" ಎಂದಳು.

ಹರೀಶ ಫೋನಿನಲ್ಲಿ ಕಿರುಚುತ್ತಿದ್ದ. "ಮೇಡಂ, ಪೇರೆಂಟ್ಸ್ ಹಾರ ತಗೊಂಡು ಶಾಲೆ ಗೇಟಿಗೆ ಬರ್ತಾವ್ರೆ! ಅಪ್ಪ ಇಲ್ಲಿ ಚಿತ್ರಾನ್ನ ತಿಂತಾವ್ರೆ! ಏನಾದ್ರೂ ಮಾಡಿ!"

ಏನಾದರೂ ಮಾಡುವುದೇ ನಮಗೆ ಬರುವುದು. ಸುದ್ದಿಗೂ ಸ್ಪಷ್ಟನೆಗೂ ನಡುವೆ ಎಷ್ಟು ಕಡಿಮೆ ಹೊತ್ತು ಬಿಡುತ್ತೇವೋ ಅಷ್ಟು ನಾವು ಜಾಣರು. ಕೆ.ಆರ್. ಪುರಕ್ಕೆ ಹೋಗುವ ಕ್ಯಾಬಿನಲ್ಲೇ ನಾನು ಬರೆದೆ: "ನಿಮ್ಮೆಲ್ಲರ ಹಾರೈಕೆಯಿಂದ ನಾನು ಆರೋಗ್ಯವಾಗಿದ್ದೇನೆ. ವದಂತಿಗಳಿಗೆ ಕಿವಿಗೊಡಬೇಡಿ." ಮುನಿಯಪ್ಪನವರನ್ನು ಜಗುಲಿಯ ಮೇಲೆ ಕೂರಿಸಿ, ಕೈಗೆ ಕಾಫಿ ಲೋಟ, ಮಡಿಲಲ್ಲಿ ಅವತ್ತಿನ ಪತ್ರಿಕೆ ಕೊಟ್ಟು ವಿಡಿಯೊ ಮಾಡಿದೆವು.

ಇಲ್ಲೊಂದು ಕಡೆ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ಅವರು ನಾನು ಬರೆದದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಇನ್ನೊಂದರಲ್ಲಿ, ಮೊದಲ ಸಲ ಫೋನು ಹಿಡಿದಾಗ, ನೇರ ಅದರ ಕಣ್ಣಿಗೆ ಕಣ್ಣಿಟ್ಟು, "ಅಕ್ಕಾ, ನಾನು ಸತ್ತಿಲ್ಲ ಕಣಕ್ಕಾ" ಎನ್ನುತ್ತಾರೆ. ಹರೀಶ, "ಅಪ್ಪಾ, ಹಂಗಲ್ಲ, ಎಲ್ರಿಗೂ ಸೇರಿ ಹೇಳಿ" ಎಂದು ತಡೆಯುತ್ತಾನೆ. ಅದನ್ನು ಅಳಿಸಿ ಎರಡನೆಯ ಸಲ ತೆಗೆಯುತ್ತೇವೆ. ಈ ಎರಡನೆಯ ನೆನಪು ಕಥೆಗೆ ಚೆನ್ನಾಗಿ ಹೊಂದುತ್ತದೆ; ಆದ್ದರಿಂದಲೇ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಹರೀಶನನ್ನು ಕೇಳಿದ್ದೇನೆ. "ಇಲ್ಲ ಮೇಡಂ, ಹಂಗೇನೂ ಅಂದಿಲ್ಲ" ಎಂದ. ಅವನ ನೆನಪಿಗೂ ಅವನದೇ ಕಾರಣಗಳಿರಬಹುದು.

ವಿಡಿಯೊ ಓಡಿತು. ಮಧ್ಯಾಹ್ನದ ಊಟಕ್ಕೆ ಮುಂಚೆ ಚಾನೆಲ್ಲಿನವನು ಕ್ಷಮೆ ಕೇಳಿದ. ಗೇಟಿಗೆ ಬಂದ ಹಾರಗಳನ್ನು ಶಾಲೆಯ ಸರಸ್ವತಿ ಫೋಟೊಗೆ ಹಾಕಿಸಿದರು. ನಮ್ಮ ಬಾಸು ಇಡೀ ಆಫೀಸಿಗೆ ಬಿರಿಯಾನಿ ತರಿಸಿದರು. ಹೊಸ ಗಿರಾಕಿಗಳಿಗೆ ತೋರಿಸುವ ಸ್ಲೈಡುಗಳಲ್ಲಿ ಈ ಪ್ರಕರಣವೂ ಸೇರಿತು.

ಮಾರನೆಯ ದಿನ ಹೋದರೆ ಪಿಳ್ಳಮ್ಮ ಮುಖ ಕೊಡಲಿಲ್ಲ. ಅವರೆಕಾಳು ಹಿದುಕುತ್ತಾ ಕೂತಿದ್ದರು. ಆಷಾಢದಲ್ಲಿ ಅವರೆಕಾಳು ಎಲ್ಲಿಂದ ಬಂತು? ಅಲಸಂದೆಯೋ ಏನೋ ಬಿಡಿಸುತ್ತಿದ್ದಿರಬೇಕು. ಮಾತು ಮಾತ್ರ ನಿಜ.

"ಯಾರಾದ್ರೂ ಅತ್ತರಾ?"

"ಅಮ್ಮಾ, ತುಂಬಾ ಜನ ದುಃಖ ಪಟ್ರು. ನಾವು ನೋಡಿದ್ವಿ..."

"ಕೈ ಮುಗಿಯೋ ಬೊಂಬೆ ಹಾಕವ್ರೆ. ನಾನೂ ನೋಡ್ದೆ. ಅತ್ತರಾ ಅಂತ ಕೇಳ್ದೆ. ಅಳೋಕೂ ಬಿಡ್ಲಿಲ್ವಲ್ಲಮ್ಮ ನೀವು. ಅಷ್ಟು ಅರ್ಜೆಂಟ್ ಏನಿತ್ತು? ಅತ್ತಿಗೆ ಮೂಗು ಒರೆಸಿಕೊಳ್ಳೋ ಅಷ್ಟಾದ್ರೂ ಪುರುಸೊತ್ತು ಕೊಡ್ಬಾರ್ದಿತ್ತಾ?"

ನಮ್ಮ ವಿದ್ಯೆಯೆಲ್ಲ ಆ ಪುರುಸೊತ್ತನ್ನು ಇಲ್ಲವಾಗಿಸುವುದರಲ್ಲಿದೆ. ಅವರ ಪದ್ಧತಿ ಪೂರ್ತಿ ನಿಂತದ್ದು ಅದೇ ಪುರುಸೊತ್ತಿನ ಮೇಲೆ: ಒಬ್ಬ ಮನುಷ್ಯ ಇಲ್ಲವೆಂದು ಇನ್ನೊಬ್ಬರು ನಂಬಿಕೊಂಡು ಕೂರಬೇಕಾದ ಸ್ವಲ್ಪ ಹೊತ್ತು.

ಹೊರಡುವಾಗ ಗೇಟಿನ ಹತ್ತಿರ ಮುನಿಯಪ್ಪನವರು ನಿಲ್ಲಿಸಿದರು. ಹಿಂದಿನಂತೆ ನಗುತ್ತಿರಲಿಲ್ಲ. "ನಿಮ್ಮ ಕಂಪ್ಯೂಟರ್‌ನಲ್ಲಿ ಎಲ್ಲಾ ಗೊತ್ತಾಗುತ್ತಂತಲ್ಲ. ನಮ್ಮಕ್ಕ ಕೇಳಿಸ್ಕೊಂಡಳಾ? ಪಿಳ್ಳಿ ಅತ್ತಿದ್ದನ್ನ?"

ಕಂಪ್ಯೂಟರ್ ಬೇಕಿರಲಿಲ್ಲ. ಪಿಳ್ಳಮ್ಮನ ಫೋನು ತಂದು ನೋಡಿದೆವು. ವಿಡಿಯೊವನ್ನೂ ಹರೀಶ ಅದೇ ಫೋನಿನಿಂದ ಗುಂಪಿಗೆ ಹಾಕಿದ್ದ; ಸಂದೇಶವನ್ನು ಯಾರು ಯಾವಾಗ ನೋಡಿದರೆಂದು ಅದೇ ಹೇಳುತ್ತದೆ. ಅಕ್ಕಯಮ್ಮ ಸಾವಿನ ಸುದ್ದಿಯನ್ನೂ ನಮ್ಮ ವಿಡಿಯೊವನ್ನೂ ಒಂದೇ ಹೊತ್ತಿಗೆ ನೋಡಿದ್ದರು. ಮಧ್ಯಾಹ್ನ ಫೋನು ತೆರೆದಾಗ ತಮ್ಮನ ಸಾವೂ ಬದುಕೂ ಒಂದರ ಕೆಳಗೊಂದು ಕೂತಿದ್ದವು.

"ಹಂಗಾದ್ರೆ ಅತ್ತಿರಲ್ಲ" ಎಂದರು ಮುನಿಯಪ್ಪನವರು.

"ಅದಕ್ಕೆ ಮುಂಚೆ ಬೇರೆ ಯಾರಾದ್ರೂ ಬಾಯಲ್ಲಿ ಹೇಳಿರಬಹುದು, ಸಾರ್."

"ಹೇಳಿರಬಹುದು ಅಲ್ವಾ?" ಎಂದು ತಡೆದು, "ನೀವು ಆ ಕಡೇನೇ ಅಲ್ವಾ ಓಡಾಡೋದು..." ಎಂದರು. ವಾಕ್ಯ ಮುಗಿಸಲಿಲ್ಲ. ಹೋಗಿ ಕೇಳಿ ಬಾ ಎಂದು ನಾನು ಅರ್ಥ ಮಾಡಿಕೊಂಡೆ. ಬೇರೆಯವರ ಮಾತನ್ನು ಮುಗಿಸಿ ಕೊಡುವುದು ನನಗೆ ಅಭ್ಯಾಸ.

ಶ್ರಾವಣ ಹತ್ತಿದ ಮೇಲೆ ಹಲಸೂರಿಗೆ ಹೋದೆ. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಹಳೆಯ ಹೆಂಚಿನ ಮನೆ, ಅದರ ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಬಾಡಿಗೆಯ ಕೋಣೆಗಳು. ಎದುರುಮನೆಯವರೊಡನೆ ತಮಿಳಿನಲ್ಲಿ ನೀರಿನ ವಿಷಯಕ್ಕೆ ಜಗಳವಾಡುತ್ತಿದ್ದ ಅಕ್ಕಯಮ್ಮ, ನನ್ನನ್ನು ಕಂಡು ಜಗಳವನ್ನು ಅಲ್ಲಿಗೆ ನಿಲ್ಲಿಸಿ ಒಳಗೆ ಕರೆದರು. ಯಾರ ಕಡೆಯವಳು ಎಂದು ಹೇಳುವ ಮುಂಚೆಯೇ ಅವರಿಗೆ ಗೊತ್ತಾಗಿತ್ತು.

"ವಿಡಿಯೊ ತೆಗೆದೋಳು ನೀನೇನಾ?"

"ಹೌದು ಅಜ್ಜಿ."

"ಹಾರೈಕೆ ಅಂತೆ! ಹಾರೈಕೆ! ಆ ಮಾತು ಅವನ ಬಾಯಲ್ಲಿ ಹುಟ್ಟಿದಾಗಿಂದ ಬಂದಿಲ್ಲ. ನೀನೇ ಬರ್ಕೊಟ್ಟಿರ್ತೀಯ."

ನಾನು ನಕ್ಕೆ. ಅವರು ನಗಲಿಲ್ಲ. ಮಜ್ಜಿಗೆ ತಂದುಕೊಟ್ಟು ಎದುರಿಗೆ ಕೂತರು. "ಇಳಿದು ಹೋಗವ್ನೆ. ಕಾಲರ್ ಮೂಳೆ ಕಾಣ್ತದೆ. ಊಟ ಸೇರ್ತದಂತಾ?"

ವಿಡಿಯೊದಲ್ಲಿ ನಾನು ಕಾಫಿ ಲೋಟ, ಪತ್ರಿಕೆ, ಬೆಳಕು ನೋಡಿದ್ದೆ. ಮೂಳೆ ನೋಡಿರಲಿಲ್ಲ.

"ಅಜ್ಜಿ, ಅವತ್ತು ಮೊದಲು ಸುದ್ದಿ ಬಂದಾಗ... ನಿಮಗೆ..."

"ಅತ್ತೆನಾ ಅಂತ ತಿಳ್ಕೊಂಡು ಬಾ ಅಂದನಾ?"

ಮಜ್ಜಿಗೆಯ ಲೋಟ ಕೆಳಗಿಟ್ಟೆ.

"ಅವತ್ತು ಕಾರ್ಡು ಕೊಡಕ್ಕೆ ಡ್ರೈವರನ್ನ ಕಳಿಸಿದ. ಇವತ್ತು ಅಳು ತಗೊಂಡು ಬರಕ್ಕೆ ನಿನ್ನ ಕಳಿಸವ್ನೆ. ಇಲ್ಲಿಂದ ಕೆ.ಆರ್. ಪುರ ಏನು ಕಾಶಿನಾ? ಮನೆ ಮುಂದೇನೇ ಮೆಟ್ರೊ ಓಡ್ತದೆ. ಹೋಗಿ ಹೇಳು, ಅಕ್ಕ ಅತ್ತಳೋ ಇಲ್ವೋ ಅಂತ ಅವನೇ ಬಂದು ಮುಖ ನೋಡ್ಕೊಂಡು ಹೋಗ್ಲಿ."

ಬಾಗಿಲವರೆಗೆ ಬಂದು, ನನ್ನ ಹಣೆಗೆ ಕುಂಕುಮ ಇಟ್ಟರು. ಆಗ ಅವರ ಕಣ್ಣು ಒದ್ದೆಯಾಗಿತ್ತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆಗಿತ್ತೋ ಇಲ್ಲವೋ ನಾನು ನೋಡಲಿಲ್ಲ. ಕುಂಕುಮ ಕಣ್ಣಿಗೆ ಉದುರೀತೆಂದು ಕಣ್ಣು ಮುಚ್ಚಿದ್ದೆ.

ಅವರ ಮಾತನ್ನು ಅಕ್ಷರ ಬಿಡದೆ ಮುನಿಯಪ್ಪನವರಿಗೆ ಮುಟ್ಟಿಸಿದೆ. ಒಂದು ಪದವನ್ನೂ ನಯ ಮಾಡಲಿಲ್ಲ. ಅವರು ಬಹಳ ಹೊತ್ತು ನಕ್ಕರು. "ಹಂಗೇ ಅವಳೆ, ಹಂಗೇ ಅವಳೆ" ಎಂದರು. ಗೌರಿ ಹಬ್ಬಕ್ಕೆ ತಾವೇ ಬಾಗಿನ ಹೊತ್ತುಕೊಂಡು ಹೋಗುತ್ತೇನೆ ಎಂದರು. ಸೀರೆಯನ್ನೂ ತಂದಿದ್ದರಂತೆ. ಹಬ್ಬದ ವಾರ ಜ್ವರ ಬಂತು. ಹರೀಶ, "ನಾನೇ ಹೋಗಿ ಕೊಟ್ಟು ಬರ್ತೀನಿ" ಎಂದದ್ದಕ್ಕೆ, "ಯಾರೂ ಹೋಗಕೂಡದು, ನಾನೇ ಹೋಗ್ತೀನಿ" ಎಂದು ಹಟ ಹಿಡಿದು, ಜ್ವರ ಬಿಡಲೆಂದು ಕಾದರು. ಗಣೇಶನನ್ನು ಕೆರೆಗೆ ಬಿಟ್ಟ ಮೇಲೆ, ಒಂದು ಬೆಳಿಗ್ಗೆ ಏಳಲಿಲ್ಲ.

ಈ ಸಲ ನಾನೇ ಬರೆದೆ, ನಿಜವಾದದ್ದನ್ನು. ಹಿರಿಯರು, ಶಿಕ್ಷಣಪ್ರೇಮಿಗಳು, ಇಂದು ಬೆಳಿಗ್ಗೆ ನಿಧನರಾದರು. ಕಾಗೆಯ ಕಥೆ ಅಷ್ಟು ಹೊತ್ತಿಗೆ ಪತ್ರಿಕೆಯವರಿಗೂ ಮುಟ್ಟಿತ್ತು; ಮೊದಲ ವರದಿಗಾರ ತಕ್ಷಣ ಫೋನ್ ಮಾಡಿದ. "ಏನ್ ಮೇಡಂ, ಮತ್ತೆ ಕಾಗೆನಾ?" ಅಷ್ಟರಲ್ಲಿ ಶಬಾನಾಳ ಪರದೆಯ ಮೇಲೆ ಚುಕ್ಕಿಗಳು ಬೀಳತೊಡಗಿದ್ದವು. ಈ ಸಲ ಕೆಂಪು. ಪೋಷಕರು, ಹಳೆಯ ವಿದ್ಯಾರ್ಥಿಗಳು, ನೆಂಟರು ನಮ್ಮ ಪ್ರಕಟಣೆಯ ಕೆಳಗೆ ನಮ್ಮದೇ ವಿಡಿಯೊ ಹಾಕುತ್ತಿದ್ದರು. ಮುನಿಯಪ್ಪನವರು ಜಗುಲಿಯ ಮೇಲೆ ಕೂತು, ಕಾಫಿ ಲೋಟ ಹಿಡಿದು, ವದಂತಿಗಳಿಗೆ ಕಿವಿಗೊಡಬೇಡಿ ಎನ್ನುತ್ತಿದ್ದರು. ಎಷ್ಟು ಕಡೆ! ನಮ್ಮ ಪುಟದಿಂದ ತೆಗೆದೆವು. ಬೇರೆಯವರ ಫೋನುಗಳಿಂದ ತೆಗೆಯುವುದು ಯಾರ ಕೈಲೂ ಆಗುವುದಲ್ಲ.

"ನಮ್ಮ ವಿಡಿಯೊ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ನೋಡೇ" ಎಂದಳು ಶಬಾನಾ. ತಮಾಷೆಗಲ್ಲ.

ಕೆ.ಆರ್. ಪುರ ತಲುಪಿದಾಗ ಮಳೆ ಹಿಡಿದಿತ್ತು. ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ಪಿಳ್ಳಮ್ಮ ಬೆಳಿಗ್ಗೆಯೇ ಮನೆಯವರ ಗುಂಪಿಗೆ ದನಿ ಕಳಿಸಿದ್ದರು. ಈ ಸಲ ಅಳುವಿರಲಿಲ್ಲ, ಒಣಗಿದ ಗಂಟಲಿನ ಎರಡು ಮಾತು: "ಹೋದ್ರು. ನಿಜವಾಗ್ಲೂ." ಅದರ ಕೆಳಗೂ ಯಾರೋ ವಿಡಿಯೊ ಹಾಕಿದ್ದರು, ನಗುವ ಮುಖದ ಜೊತೆಗೆ.

"ಹಲಸೂರಿಗೆ ಯಾರಾದ್ರೂ ಹೋದ್ರಾ?" ಪಿಳ್ಳಮ್ಮ ಬಂದವರನ್ನೆಲ್ಲ ಕೇಳುತ್ತಿದ್ದರು.

"ಫೋನ್ ಮಾಡಿದೀನಮ್ಮ" ಎಂದ ಹರೀಶ. "ಅವರ ಮೊಮ್ಮಗನ ಹೆಂಡ್ತಿ ಎತ್ತಿದ್ಲು. ಹೇಳ್ತೀನಿ ಅಂದಳು."

"ಫೋನಾ!" ಎಂದರು ಪಿಳ್ಳಮ್ಮ. ಅಷ್ಟೇ.

ಆಮೇಲೆ ಯಾರನ್ನೋ ಕಾರಿನಲ್ಲಿ ಕಳಿಸಿದರು. ಹಬ್ಬದ ಮೆರವಣಿಗೆಗಳ ಟ್ರಾಫಿಕ್ಕಿನಲ್ಲಿ ಕಾರು ಸಿಕ್ಕಿಕೊಂಡಿತೆಂದು ಒಬ್ಬರು, ಮನೆಗೆ ಬೀಗ ಹಾಕಿತ್ತೆಂದು ಇನ್ನೊಬ್ಬರು ಹೇಳಿದರು. ಮಣ್ಣು ಮಾಡುವುದನ್ನು ಅಕ್ಕನಿಗಾಗಿ ನಿಲ್ಲಿಸಿಕೊಂಡು ಕಾದರು. ಮಳೆ ಜೋರಾಯಿತು. ಹಿರಿಯರು ಗೊಣಗತೊಡಗಿದರು. ಪ್ರತಿ ಆಟೋ ನಿಂತಾಗಲೂ ಚಪ್ಪರದ ಕೆಳಗಿದ್ದವರೆಲ್ಲ ಗೇಟಿನ ಕಡೆ ತಿರುಗುತ್ತಿದ್ದರು. ನಾನೂ ತಿರುಗುತ್ತಿದ್ದೆ. ಕತ್ತಲಾಗುವ ಮುಂಚೆ ಮುಗಿಸಲೇಬೇಕೆಂದು ಎತ್ತಿದರು.

ಅಕ್ಕಯಮ್ಮ ಬರಲಿಲ್ಲ. ಆಮೇಲಿನ ಕಾರ್ಯಗಳಿಗೂ ಬರಲಿಲ್ಲವಂತೆ. ಫೋನಿನಲ್ಲಿ ಹೇಳಿದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ. ಬಿದ್ದರೂ, ಇದೂ ಸುಳ್ಳೇ ಎಂದು ತಮ್ಮನ ವಿಡಿಯೊ ಹಾಕಿಕೊಂಡು ನೋಡುತ್ತಾ ಕೂತರೋ. ನಿಜವೆಂದು ತಿಳಿದೂ, ಅವನು ಬರಲಿಲ್ಲ, ನಾನೇಕೆ ಹೋಗಲಿ ಎಂದುಕೊಂಡರೋ. ಅಥವಾ ಹೊರಟು ದಾರಿಯಲ್ಲಿ ಸಿಕ್ಕಿಕೊಂಡರೋ. ಈ ನಾಲ್ಕರಲ್ಲಿ ಯಾವುದನ್ನು ಬೇಕಾದರೂ ಜನ ನಂಬುವ ಹಾಗೆ ಬರೆಯಲು ನನಗೆ ಬರುತ್ತದೆ. ಯಾವುದು ನಡೆಯಿತೆಂದು ಗೊತ್ತಿಲ್ಲ. ತಮ್ಮನಿಗಾಗಿ ಅವರು ಯಾವತ್ತಾದರೂ ಅತ್ತರೇ ಎಂಬುದೂ ನನಗೆ ಗೊತ್ತಿಲ್ಲ.